ಬೇಲಿಯ ಕೆಲಸ, ಹೊಲದ ಕೆಲಸ

ಸಂಘದ ಸಭಾಂಗಣದಲ್ಲಿ ಕಾರ್ಯಕ್ರಮ ಮುಗಿದು ಕಾಫಿಯ ಲೋಟ ಹಿಡಿದು ನಿಂತಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ: ‘ಈ ರಾಜಕಾರಣಿಗಳಿಂದ ಏನೂ ಆಗದು, ದೇಶವನ್ನು ಕೋರ್ಟುಗಳೇ ನಡೆಸಲಿ.’ ಹೇಳುವವರು ಬ್ಯಾಂಕು, ರೈಲ್ವೆ, ಮಂತ್ರಾಲಯಗಳಲ್ಲಿ ಮೂವತ್ತು ವರ್ಷ ದುಡಿದ ಸುಶಿಕ್ಷಿತ ಕನ್ನಡಿಗರು. ಕೇಂದ್ರ ಸರ್ಕಾರದ ಅಧಿಕಾರಿಯಾದ ನಾನು ಈ ಮಾತನ್ನು ಒಪ್ಪಲಾರೆ. ನ್ಯಾಯಾಂಗಕ್ಕೆ ಗೌರವ ಸಲ್ಲಿಸುವ ನೆಪದಲ್ಲಿ ನಮ್ಮ ಪೌರಧರ್ಮಕ್ಕೆ ನಾವೇ ರಾಜೀನಾಮೆ ಬರೆಯುತ್ತಿದ್ದೇವೆ.

ನ್ಯಾಯಾಲಯದ ಹಿರಿಮೆ ಎಲ್ಲಿದೆ ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. ಎರಡೂ ಕನ್ನಡಿಗರ ಹೆಸರನ್ನೇ ಹೊತ್ತಿವೆ. 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಮಠದ ಭೂಮಿಯನ್ನು ಉಳಿಸಿಕೊಳ್ಳಲು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠ, ಏಳಕ್ಕೆ ಆರರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲಸ್ವರೂಪವನ್ನು ಕೆಡಿಸಲಾಗದು ಎಂದು ಸಾರಿತು. ಸ್ವಾಮಿಗಳು ಬಯಸಿದ್ದ ಪರಿಹಾರ ಅವರಿಗೆ ದಕ್ಕಲಿಲ್ಲ. ದೇಶಕ್ಕೊಂದು ಬೇಲಿ ದಕ್ಕಿತು.

ಇನ್ನೊಂದು ಎಸ್. ಆರ್. ಬೊಮ್ಮಾಯಿಯವರದು. 1989ರ ಏಪ್ರಿಲ್ 21ರಂದು, ಸದನದಲ್ಲಿ ಬಹುಮತ ತೋರಿಸುವ ಅವಕಾಶವನ್ನೂ ಕೊಡದೆ ಅವರ ಸರ್ಕಾರವನ್ನು ಕೇಂದ್ರ ವಜಾ ಮಾಡಿದಾಗ ನಾನು ಧಾರವಾಡದಲ್ಲಿ ವಿದ್ಯಾರ್ಥಿ. ಹಾಸ್ಟೆಲಿನ ರೇಡಿಯೋ ಸುತ್ತ ನಿಂತಿದ್ದ ನಮಗೆ, ದಿಲ್ಲಿಯ ಒಂದು ರುಜುವಿಗೆ ನಮ್ಮ ಮತಗಳು ಇಷ್ಟು ಹಗುರವೇ ಎನ್ನಿಸಿತ್ತು. ಹೈಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಜಾ ಅಸಾಂವಿಧಾನಿಕವೆಂದು ಹೇಳುವ ಹೊತ್ತಿಗೆ 1994ರ ಮಾರ್ಚ್ 11 ಆಗಿತ್ತು. ಬೊಮ್ಮಾಯಿಯವರ ಕುರ್ಚಿ ಮರಳಲಿಲ್ಲ. ಆದರೆ ಬಹುಮತದ ಪರೀಕ್ಷೆ ನಡೆಯಬೇಕಾದುದು ರಾಜಭವನದಲ್ಲಲ್ಲ, ಸದನದಲ್ಲಿ ಎಂಬ ನಿಯಮ ಉಳಿಯಿತು. 2018ರ ಮೇ ತಿಂಗಳಲ್ಲಿ ಕರ್ನಾಟಕದ ರಾಜ್ಯಪಾಲರು ಬಹುಮತ ಸಾಬೀತಿಗೆ ಹದಿನೈದು ದಿನ ಕೊಟ್ಟಾಗ ಅದನ್ನು ಮರುದಿನಕ್ಕೆ ಇಳಿಸಿದ್ದು ಸುಪ್ರೀಂ ಕೋರ್ಟೇ.

ಈ ಎರಡರಲ್ಲಿಯೂ ನ್ಯಾಯಾಲಯ ತಾನು ಆಳಲಿಲ್ಲ. ಆಳುವವರ ಕೈ ಎಲ್ಲಿ ನಿಲ್ಲಬೇಕೆಂದು ಗೆರೆ ಎಳೆಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಏನಾಗುತ್ತದೆಂಬುದನ್ನೂ ನಾವು ಕಂಡಿದ್ದೇವೆ. 2016ರ ನವೆಂಬರಿನಲ್ಲಿ ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆಯನ್ನು ಕಡ್ಡಾಯಗೊಳಿಸಿದ ಸುಪ್ರೀಂ ಕೋರ್ಟು 2018ರ ಜನವರಿಯಲ್ಲಿ ಅದನ್ನು ಐಚ್ಛಿಕವೆಂದಿತು. 2022ರ ಜೂನಿನಲ್ಲಿ ದೇಶದ ಎಲ್ಲ ಸಂರಕ್ಷಿತ ಅರಣ್ಯಗಳ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಸೂಕ್ಷ್ಮವಲಯ ಇರಲೇಬೇಕೆಂದು ವಿಧಿಸಿ, 2023ರ ಏಪ್ರಿಲಿನಲ್ಲಿ ಸಡಿಲಿಸಿತು. ಮಲೆನಾಡಿಗೂ ಮರುಭೂಮಿಗೂ ಒಂದೇ ಅಳತೆಗೋಲು! ಮಂತ್ರಿ ಹೀಗೆ ಮಾಡಿದರೆ ಘಟ್ಟದ ರೈತ ಮುಂದಿನ ಚುನಾವಣೆಯಲ್ಲಿ ಉತ್ತರ ಕೇಳುತ್ತಾನೆ. ನ್ಯಾಯಮೂರ್ತಿಯನ್ನು ಆತ ಎಲ್ಲಿ ಕೇಳಬೇಕು?

‘ಕೋರ್ಟು ಹೇಳದಿದ್ದರೆ ದಿಲ್ಲಿಯ ಬಸ್ಸುಗಳು ಸಿಎನ್‌ಜಿಗೆ ಬದಲಾಗುತ್ತಿದ್ದವೇ?’ ಎಂದು ಗೆಳೆಯರು ಕೇಳಬಹುದು. ಆಗುತ್ತಿರಲಿಲ್ಲ, 1998ರ ಆ ಆದೇಶದ ಉಪಕಾರವನ್ನು ನಾನು ಮರೆಯಲಾರೆ. ಆದರೂ ಚಳಿಗಾಲ ಬಂತೆಂದರೆ ದಿಲ್ಲಿಯ ಹೊಗೆ ಮತ್ತೆ ಅದೇ ಕೋರ್ಟಿನ ಮುಂದೆ ನಿಲ್ಲುತ್ತದೆ. ಆದೇಶ ಒಂದು ದಿನದ್ದು, ಆಡಳಿತ ದಿನದಿನದ್ದು. ನಾಲ್ಕು ಕೋಟಿಗೂ ಮಿಕ್ಕಿದ ಬಾಕಿ ಮೊಕದ್ದಮೆಗಳ ಹೊರೆ ಹೊತ್ತ ನ್ಯಾಯಾಂಗಕ್ಕೆ ಆ ದಿನದಿನದ ಕೆಲಸವನ್ನೂ ಹೊರಿಸುವುದು ಯಾವ ವಿವೇಕ?

ಹೊಲವನ್ನು ಬೀಳುಬಿಟ್ಟವರು ನಾವು ಎಂಬುದನ್ನೂ ಹೇಳಿಬಿಡಬೇಕು. ವರ್ಷಗಳ ಹಿಂದೆ ಮೃತ ನೌಕರರೊಬ್ಬರ ಪತ್ನಿಯ ಕುಟುಂಬ ಪಿಂಚಣಿಯ ಕಡತ ನನ್ನ ಮೇಜಿಗೆ ಬಂದಿತ್ತು. ನಿಯಮವನ್ನು ಆಕೆಯ ಪರವಾಗಿ ಓದಬಹುದೆಂದು ಕೆಳಗಿನ ಸಹಾಯಕರು ಟಿಪ್ಪಣಿ ಬರೆದಿದ್ದರು. ಲೆಕ್ಕಪರಿಶೋಧಕರ ಆಕ್ಷೇಪಣೆಗೆ ಅಂಜಿ ನಾನು, ಆಕೆ ಬೇಕಾದರೆ ನ್ಯಾಯಮಂಡಳಿಗೆ ಹೋಗಬಹುದೆಂದು ಬರೆದು ರುಜು ಹಾಕಿದೆ. ಆರು ವರ್ಷಗಳ ಮೇಲೆ ಮಂಡಳಿ ಆ ಸಹಾಯಕರ ವಾದವನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಆಕೆ ತೀರಿಕೊಂಡಿದ್ದರು. ಬಾಕಿ ಹಣವನ್ನು ಮಗ ಪಡೆದ. ಆ ದಿನ ನಾನು ನ್ಯಾಯಾಂಗದ ಅಧಿಕಾರವನ್ನು ಗೌರವಿಸಲಿಲ್ಲ. ನನ್ನ ಅಧಿಕಾರದಿಂದ ಓಡಿಹೋದೆ. ಇಂತಹ ಸಾವಿರ ಪಲಾಯನಗಳ ಮೇಲೆಯೇ ‘ಕೋರ್ಟುಗಳೇ ನಡೆಸಲಿ’ ಎಂಬ ಘೋಷಣೆ ನಿಂತಿದೆ.

ಬೇಲಿಯೂ ಲೆಕ್ಕ ಕೊಡಬೇಕು. ನ್ಯಾಯಮೂರ್ತಿಗಳ ನೇಮಕಕ್ಕೆ ಸಂಸತ್ತು ರಚಿಸಿದ ಆಯೋಗವನ್ನು 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟು ನಾಲ್ಕಕ್ಕೆ ಒಂದರ ಬಹುಮತದಿಂದ ರದ್ದು ಮಾಡಿತು. ಮಂತ್ರಿಗಳ ಕೈಗೆ ನೇಮಕ ಸಿಕ್ಕರೆ ಗತಿಯೇನೆಂಬ ಅಂಜಿಕೆ ಸುಳ್ಳಲ್ಲ. 1976ರಲ್ಲಿ ತುರ್ತುಪರಿಸ್ಥಿತಿಗೆ ತಲೆಬಾಗದೆ ಭಿನ್ನಮತ ಬರೆದ ನ್ಯಾ. ಎಚ್. ಆರ್. ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿಯ ಪೀಠ ತಪ್ಪಿದ್ದು ನೆನಪಿದೆ. ಆದರೆ ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಮುಚ್ಚಿದ ಬಾಗಿಲ ಹಿಂದೆ ಆರಿಸುವುದು ಆ ಅಂಜಿಕೆಗೆ ಮದ್ದಲ್ಲ. ಯಾರನ್ನು ಏಕೆ ಆರಿಸಿದರು, ಯಾರನ್ನು ಏಕೆ ಬಿಟ್ಟರು ಎಂಬುದು ಪ್ರಜೆಗೆ ತಿಳಿಯಬೇಕು. ಕಳಿಸಿದ ಹೆಸರುಗಳ ಮೇಲೆ ಸರ್ಕಾರ ತಿಂಗಳುಗಟ್ಟಲೆ ಕುಳಿತುಕೊಳ್ಳುವ ಚಾಳಿಯೂ ನಿಲ್ಲಬೇಕು.

ಮುಂದಿನ ಸಲ ಕಾಫಿಯ ಹೊತ್ತಿಗೆ ಆ ಮಾತು ಬಂದರೆ ನಾನು ಕೇಳುವುದಿಷ್ಟೇ: ಸ್ವಾಮಿ, ನಿಮ್ಮ ಮೇಜಿನಿಂದ ಎಷ್ಟು ಜನರನ್ನು ಕೋರ್ಟಿಗೆ ಅಟ್ಟಿದ್ದೀರಿ? ನನ್ನ ಲೆಕ್ಕದಲ್ಲಿ ಒಬ್ಬ ವಿಧವೆ ಇದ್ದಾರೆ. ನಿಮ್ಮ ಲೆಕ್ಕವನ್ನು ನೀವು ತೆಗೆಯಿರಿ.