ರೊಕ್ಕ ಎಲ್ಲಿಂದ ತರ್ತೀರಿ? ಹೇಳ್ರಿ!



ಚುನಾವಣೆ ಬಂತೆಂದರೆ ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಸೀಮೆಯಲ್ಲಿ ಆಟಗಳಿಗೆ ಬರಗಾಲವಿಲ್ಲ. ಒಬ್ಬ ಚಕ್ಕಡಿ ಏರಿ ನಾಮಪತ್ರ ಸಲ್ಲಿಸಲು ಹೋಗುತ್ತಾನೆ. ಇನ್ನೊಬ್ಬ ಹಸಿರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬರುತ್ತಾನೆ. ಮತ್ತೊಬ್ಬ ಹೊಲಕ್ಕಿಳಿದು ಕುಡುಗೋಲು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾನೆ. ನಾವೇನು ಕಡಿಮೆ? ಖಾಲಿ ಕೊಡ ಹೊತ್ತಿದ್ದೇವೆ, ಬಾರುಕೋಲು ಬೀಸಿದ್ದೇವೆ, ನಡುರಸ್ತೆಯಲ್ಲಿ ಒಲೆ ಹೂಡಿ ಅಡಿಗಿ ಮಾಡಿದ್ದೇವೆ. ಇದೆಲ್ಲ ತಪ್ಪು ಅಂತ ಹೇಳಲು ನಾನು ಕೂತಿಲ್ಲ. ನಾನು ಕೇಳುವುದು ಒಂದೇ ಮಾತು. ಇಷ್ಟೆಲ್ಲ ಆಟದಿಂದ ಓಟು ಕೇಳಲು ಬಂದವನ ಬಾಯಿಂದ ಬಜೆಟ್ಟಿನ ಒಂದು ಲೆಕ್ಕವಾದರೂ ಹೊರಗೆ ಬಿತ್ತೇನು?

ದೊಡ್ಡವರ ಆಟ ಮೊದಲು ನೋಡೋಣ. 2023ರ ಫೆಬ್ರುವರಿ 17ರಂದು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಚುನಾವಣೆಯ ಮುಂಚಿನ ಬಜೆಟ್ ಓದಿದರು. ಜನರ ಕಿವಿಗೆ ಹೂ ಇಡುವ ಬಜೆಟ್ ಇದು ಅಂತ ಕಾಂಗ್ರೆಸ್ಸಿನವರು ಕಿವಿಯ ಮೇಲೆ ಹೂವಿಟ್ಟುಕೊಂಡೇ ಸದನಕ್ಕೆ ಬಂದರು. ಮರುವರ್ಷ ಅದೇ ಫೆಬ್ರುವರಿ, 16ನೇ ತಾರೀಖು. ಈಗ ಬಜೆಟ್ ಓದಿದವರು ಸಿದ್ದರಾಮಯ್ಯನವರು. ಬಿಜೆಪಿಯವರು 'ಏನಿಲ್ಲ ಏನಿಲ್ಲ' ಅಂತ ಸಿನಿಮಾ ಹಾಡು ಹೇಳಿ ಎದ್ದು ಹೊರಗೆ ನಡೆದರು. ಎರಡನ್ನೂ ನಮ್ಮೂರ ಮಂದಿ ಮೊಬೈಲಿನಲ್ಲಿ ನೋಡಿ ನಕ್ಕರು. ನಾನೂ ನಕ್ಕೆ. ಆದರೆ ಅವತ್ತು ಸಂಜೆ ಕಟ್ಟೆಯ ಮೇಲೆ ಕೂತವರನ್ನು ಕೇಳಿದೆ: "ಹೆಸರು ಖರೀದಿಗೆ ಎಷ್ಟು ಇಟ್ಟಾರ? ಬೆಣ್ಣಿಹಳ್ಳದ ಕೆಲಸಕ್ಕ ಎಷ್ಟು?" ಒಬ್ಬರಿಗೂ ಗೊತ್ತಿರಲಿಲ್ಲ. ಹೂವಿನ ಬಣ್ಣ ಎಲ್ಲರಿಗೂ ಗೊತ್ತಿತ್ತು.

ಇದರಿಂದ ನಮಗೇನು ಲುಕ್ಸಾನು ಎನ್ನುವಿರಾ? ಲುಕ್ಸಾನು ಆಗಿದೆ, ಅದರಲ್ಲಿ ನನ್ನ ಪಾಲೂ ಇದೆ. ಅದನ್ನು ಮುಚ್ಚಿಡದೆ ಹೇಳುತ್ತೇನೆ.

2018ರ ಏಪ್ರಿಲ್. ಅಧಿಕಾರಕ್ಕೆ ಬಂದ 24 ತಾಸಿನೊಳಗೆ ರೈತರ ಸಾಲ ಸಂಪೂರ್ಣ ಮನ್ನಾ ಎಂದು ಕುಮಾರಸ್ವಾಮಿಯವರು ಊರೂರಲ್ಲಿ ಹೇಳುತ್ತಿದ್ದರು. 53 ಸಾವಿರ ಕೋಟಿ ರೂಪಾಯಿಯ ಮಾತು ಅದು. ನಮ್ಮ ಓಣಿಯ ಕಾಕಾ ಒಬ್ಬರಿಗೆ ಬ್ಯಾಂಕಿನಲ್ಲಿ 3 ಲಕ್ಷ 20 ಸಾವಿರ ಬೆಳೆಸಾಲ ಇತ್ತು. ಕಡಲಿ, ಹತ್ತಿ ಮಾರಿದ ರೊಕ್ಕ ಕೈಯಲ್ಲಿತ್ತು. "ತಮ್ಮಾ, ಕಟ್ಟಲೋ ಬ್ಯಾಡೋ?" ಅಂತ ನನ್ನನ್ನು ಕೇಳಿದರು. ಹೋರಾಟದಾಗ ಇರಾಂವ, ನಾಕು ಮಂದಿ ನನ್ನ ಮಾತು ಕೇಳ್ತಾರ ಅನ್ನೋ ಹಮ್ಮು ನನಗೆ. "ಕಟ್ಟಬ್ಯಾಡ್ರಿ ಕಾಕಾ, ಪೂರಾ ಮನ್ನಾ ಆಗ್ತದ" ಅಂದುಬಿಟ್ಟೆ. ಕಾಕಾ ಆ ರೊಕ್ಕವನ್ನು ಮಗಳ ಲಗ್ನಕ್ಕೆ ಹಾಕಿದರು.

ಮುಂದೇನಾಯಿತು? ಜುಲೈ 5ರ ಬಜೆಟ್ಟಿನಲ್ಲಿ ಮನ್ನಾದ ಮೊತ್ತ 34 ಸಾವಿರ ಕೋಟಿಗೆ ಇಳಿಯಿತು. ಒಂದು ಕುಟುಂಬಕ್ಕೆ 2 ಲಕ್ಷದ ಮಿತಿ ಬಂತು. 2017ರ ಡಿಸೆಂಬರ್ 31ರ ಗೆರೆ ಬಂತು. ಸಾಲ ಸರಿಯಾಗಿ ಕಟ್ಟಿದವರಿಗೆ 25 ಸಾವಿರ ಅಥವಾ ಕಟ್ಟಿದ ಮೊತ್ತ, ಯಾವುದು ಕಡಿಮೆಯೋ ಅದು. ಬಹುಮತ ಇರಲಿಲ್ಲ, ಸಮ್ಮಿಶ್ರ ಸರ್ಕಾರ ಎಂದರು. ಅದೂ ಖರೆ. ಆದರೆ ಕಾಕಾನ ತಲೆಯ ಮೇಲೆ ಮಿಕ್ಕ 1 ಲಕ್ಷ 20 ಸಾವಿರ, ಅದರ ಬಡ್ಡಿ ಹಾಗೇ ಕೂತವು. ಖಾತೆ ಸುಸ್ತಿಯಾಗಿದ್ದರಿಂದ ಬಿತ್ತನಿಗೆ ಹೊಸ ಸಾಲ ಹುಟ್ಟಲಿಲ್ಲ. ದಲಾಲಿ ಅಂಗಡಿಯಲ್ಲಿ ತಿಂಗಳಿಗೆ ನೂರಕ್ಕೆ ಎರಡರಂತೆ 60 ಸಾವಿರ ಎತ್ತಿದರು. ಮಾಲು ಅದೇ ಅಂಗಡಿಗೆ ತರಬೇಕು, ಹೇಳಿದ ಧಾರಣಿಗೆ ಕೊಡಬೇಕು ಎಂಬ ಕರಾರು. ಮರುವರ್ಷ ಎತ್ತು ಮಾರಿದರು. ಕಾಕಾ ನನ್ನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಬಾಂಧವರೇ, ಆ ಏಪ್ರಿಲ್‌ನಲ್ಲಿ ಏಳನೇತ್ತೆಯ ಹುಡುಗ ಮಾಡುವ ಒಂದು ಭಾಗಾಕಾರ ನಾನು ಮಾಡಬಹುದಿತ್ತು. ಅದೇ ಫೆಬ್ರುವರಿಯಲ್ಲಿ ಮಂಡಿಸಿದ್ದ ರಾಜ್ಯದ ಇಡೀ ಬಜೆಟ್ 2 ಲಕ್ಷ 9 ಸಾವಿರ ಕೋಟಿ. ಅದರಲ್ಲಿ 53 ಸಾವಿರ ಕೋಟಿ ಅಂದರೆ ನಾಲ್ಕರಲ್ಲಿ ಒಂದು ಪಾಲು. ಸಂಬಳ, ಪಿಂಚಣಿ, ಹಳೇ ಸಾಲದ ಬಡ್ಡಿ ಬಿಟ್ಟು ಉಳಿಯುವುದರಲ್ಲಿ ಇದನ್ನು 24 ತಾಸಿನಲ್ಲಿ ಎಲ್ಲಿಂದ ತರುತ್ತೀರಿ ಎಂದು ಪ್ರಚಾರಕ್ಕೆ ಬಂದವರನ್ನು ಒಬ್ಬನಾದರೂ ಕೇಳಿದೆವೇ? ಚಪ್ಪಾಳೆ ತಟ್ಟಿದೆವು. ಕೇಳಿದ್ದರೆ ಕಾಕಾ ಹತ್ತಿಯ ರೊಕ್ಕದಲ್ಲಿ ಅರ್ಧವನ್ನಾದರೂ ಬ್ಯಾಂಕಿಗೆ ತುಂಬುತ್ತಿದ್ದರು.

ನಾವು ಕೇಳದಿದ್ದರೂ ರೊಕ್ಕ ಎಲ್ಲಿಂದಲೋ ಬರಲೇಬೇಕಲ್ಲ? ಬಂತು. ಅದೇ ಜುಲೈ 5ರ ಬಜೆಟ್ಟಿನಲ್ಲಿ ಡೀಸೆಲ್ ಮೇಲಿನ ರಾಜ್ಯದ ತೆರಿಗೆ ನೂರಕ್ಕೆ 19ರಿಂದ 21ಕ್ಕೆ ಏರಿತು, ಪೆಟ್ರೋಲಿನದು 30ರಿಂದ 32ಕ್ಕೆ. ಒಂದು ಕೈಯಲ್ಲಿ ಮನ್ನಾ, ಇನ್ನೊಂದು ಕೈಯಲ್ಲಿ ನಮ್ಮದೇ ಟ್ರ್ಯಾಕ್ಟರಿನ ಟಾಕಿಯಿಂದ ವಸೂಲಿ.

ಪಕ್ಷ ಬದಲಾದರೂ ಈ ರೀತಿ ಬದಲಾಗಿಲ್ಲ. 2023ರಲ್ಲಿ ಐದು ಗ್ಯಾರಂಟಿ ಬಂದವು. ನಮ್ಮ ಮನಿಯಾಕಿಯ ಹೆಸರಿಗೂ ಗೃಹಲಕ್ಷ್ಮಿಯ 2,000 ಬಂದಿದೆ. ಸಂತಿ, ಔಷಧ ಅದರಲ್ಲೇ ನಡೆದದ್ದುಂಟು, ಸುಳ್ಳು ಯಾಕೆ ಹೇಳಲಿ? 2025-26ರ ಬಜೆಟ್ 4 ಲಕ್ಷ 9 ಸಾವಿರ ಕೋಟಿಯದು. ಗ್ಯಾರಂಟಿಗಳಿಗೆ ಇಟ್ಟದ್ದು 51 ಸಾವಿರ ಕೋಟಿ, ಎಂಟರಲ್ಲಿ ಒಂದು ಪಾಲು. ಈ ನಡುವೆ ಡೀಸೆಲ್ ಮೇಲಿನ ತೆರಿಗೆ 2024ರ ಜೂನ್‌ನಲ್ಲಿ 14.34ರಿಂದ 18.44ಕ್ಕೆ ಹೋಯಿತು, 2025ರ ಏಪ್ರಿಲ್‌ನಲ್ಲಿ 21.17ಕ್ಕೆ. ಕೊಡುವುದು ತಪ್ಪೆಂದು ನಾನು ಅನ್ನುವುದಿಲ್ಲ. ಕೊಡುವಾಗಲೇ ಹೇಳಬೇಕಿತ್ತು: ಇಷ್ಟು ಕೊಡ್ತೀವಿ, ಇಷ್ಟನ್ನ ಡೀಸೆಲ್ಲಿನಾಗ ತಗೋತೀವಿ, ಈ ಕೆಲಸ ನಿಲ್ಲಿಸ್ತೀವಿ ಅಂತ. ಆಗ ಬೇಕೋ ಬೇಡವೋ ಎಂಬುದನ್ನು ನಾವು ಆರಿಸುತ್ತಿದ್ದೆವು.

ಇನ್ನೊಂದು ಮೋಸವಿದೆ. ಬಜೆಟ್ಟಿನಲ್ಲಿ ಬರೆದ ರೊಕ್ಕವೇ ಖರ್ಚಾದ ರೊಕ್ಕ ಎಂದು ನಾವು ತಿಳಿಯುತ್ತೇವೆ. ಕಳಸಾ-ಬಂಡೂರಿಯನ್ನೇ ತೆಗೆದುಕೊಳ್ಳಿ. 2018ರ ಆಗಸ್ಟ್ 14ರಂದು ಮಹದಾಯಿ ನ್ಯಾಯಮಂಡಳಿ ನಮ್ಮ ರಾಜ್ಯಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಬಹುದಾದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಎರಡೂ ಕೂಡಿ 3.9. 2020ರ ಬಜೆಟ್ಟಿನಲ್ಲಿ 500 ಕೋಟಿ ಎಂದರು, 2022ರ ಬಜೆಟ್ಟಿನಲ್ಲಿ 1,000 ಕೋಟಿ ಎಂದರು. ಎರಡು ಸಲವೂ ನಾವು ಪಟಾಕಿ ಹಾರಿಸಿದೆವು. ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿದ್ದೇ 2022ರ ಡಿಸೆಂಬರ್‌ನಲ್ಲಿ. 2024ರಲ್ಲಿ ವಿಷಯ ವನ್ಯಜೀವಿ ಮಂಡಳಿಯ ಮುಂದೆ ಹೋಗಿ ನಿಂತಿತು. ಪರವಾನಿಗಿ ಇಲ್ಲದ ಕೆಲಸಕ್ಕೆ ಸಾವಿರ ಕೋಟಿ ಬರೆದರೇನು, ಹತ್ತು ಸಾವಿರ ಕೋಟಿ ಬರೆದರೇನು? ಹಾಳಿಯ ಮ್ಯಾಲಿನ ನೀರು ಹೊಲಕ್ಕ ಹಾಯೂದಿಲ್ಲ.

ಇದನ್ನೆಲ್ಲ ಕೇಳುವುದು ಉದ್ಧಟತನವಲ್ಲ. 2013ರ ಜುಲೈ 5ರಂದು ಸುಪ್ರೀಂ ಕೋರ್ಟು ಚುನಾವಣಾ ಪ್ರಣಾಳಿಕೆಗಳಿಗೆ ಮಾರ್ಗಸೂಚಿ ಮಾಡಿರೆಂದು ಚುನಾವಣಾ ಆಯೋಗಕ್ಕೆ ಹೇಳಿತು. ಅದರಂತೆ ನೀತಿಸಂಹಿತೆಯಲ್ಲಿ ಬರೆದಿದ್ದಾರೆ: ಕೊಟ್ಟ ಆಶ್ವಾಸನೆಗೆ ಕಾರಣ ಹೇಳಬೇಕು, ಅದಕ್ಕೆ ಬೇಕಾದ ಹಣವನ್ನು ಯಾವ ದಾರಿಯಿಂದ ಹೊಂದಿಸುತ್ತೀರಿ ಎಂಬುದನ್ನೂ ಸ್ಥೂಲವಾಗಿ ತಿಳಿಸಬೇಕು. ಕಾನೂನು ಕಟ್ಟೆಯ ತನಕ ಬಂದಿದೆ, ಕೇಳುವ ಬಾಯಿ ಬೇಕು.

ಈ ಬಾಯಿ ತೆರೆಯಲು ನಾವೂ ಒಂದು ಆಟ ಹೂಡಿದ್ದೆವು. 2023ರ ಮೇ ಚುನಾವಣೆಗೆ ಮುಂಚೆ ಹನುಮಪ್ಪನ ಗುಡಿಯ ಮುಂದೆ ಒಂದು ತಕ್ಕಡಿ ಕಟ್ಟಿದೆವು. ಓಟು ಕೇಳಲು ಬಂದವರು ಕೊಡುವ ಒಂದೊಂದು ಆಶ್ವಾಸನೆಗೆ ಒಂದು ಪರಡಿಯಲ್ಲಿ ಕಲ್ಲು. ರೊಕ್ಕ ಎಲ್ಲಿಂದ ಎಂದು ಉತ್ತರ ಕೊಟ್ಟರೆ ಇನ್ನೊಂದರಲ್ಲಿ ಒಂದು ಸೇರು ಜೋಳ. ಮೂವರು ಬಂದರು. ಒಬ್ಬರು ನಕ್ಕು, ತಕ್ಕಡಿಗೆ ಕೈಮುಗಿದು ಹೋದರು. ಒಬ್ಬರ ಹಿಂಬಾಲಕರು ನಮ್ಮ ಮೇಲೆ ಏರಿಬಂದರು. ಮೂರನೆಯವರು ಮಾತ್ರ ಕಟ್ಟೆಯ ಮೇಲೆ ಕೂತು ಹೇಳಿದರು: "ಅಣ್ಣಾರ, ಖರೆ ಹೇಳ್ಲ್ಯಾ? ಶಾಸಕನ ಕೈಯಾಗ ಇರೂದು ವರ್ಷಕ್ಕ ಎರಡು ಕೋಟಿ ನಿಧಿ. ಉಳಿದದ್ದು ಬೆಂಗಳೂರಾಗ ಹಣಕಾಸು ಇಲಾಖೆಯವರ ಕೈಯಾಗ. ಹೋಗಿ ಕೇಳ್ತೀನಿ ಅಂತ ಹೇಳಬಹುದು, ತಂದೇ ತರ್ತೀನಿ ಅಂತ ಹೇಳಾಕ ಬರೂದಿಲ್ಲ." ಅವರ ಪರಡಿಗೆ ನಾವು ಎರಡು ಸೇರು ಜೋಳ ಹಾಕಿದೆವು.

ನಮ್ಮ ಆಟ ಗೆದ್ದಿತೇನು? ಇಲ್ಲ. ತಕ್ಕಡಿಯ ಫೋಟೋ ಊರೂರು ತಿರುಗಿತು, ಆ ಮೂರನೆಯವರ ಉತ್ತರ ಎಲ್ಲಿಯೂ ಬರಲಿಲ್ಲ. ನಾವು ಕೂಡ ಅದನ್ನು ಬರೆದಿಡಲಿಲ್ಲ. ಮುಂದಿನ ಮಾರ್ಚಿನಲ್ಲಿ, ಅವತ್ತು ಯಾರು ಏನು ಹೇಳಿದರೆಂದು ನಮ್ಮ ನಮ್ಮಲ್ಲೇ ವಾದ ಬಿತ್ತು. ಕಿವಿಗೆ ಹೂವಿಟ್ಟವರಿಗೂ ತಕ್ಕಡಿ ಕಟ್ಟಿದ ನಮಗೂ ಆಗ ಏನು ಫರಕು ಉಳಿಯಿತು? ದಲಾಲಿ ಅಂಗಡಿಯವನು ಒಂದು ಚೀಲ ಹೆಸರನ್ನೂ ಪಟ್ಟಿ ಬರೆಯದೆ ಒಳಗೆ ಬಿಡುವುದಿಲ್ಲ. ಐದು ವರ್ಷದ ಓಟನ್ನು ನಾವು ಪಟ್ಟಿಯಿಲ್ಲದೆ ಕೊಡುತ್ತೇವೆ.

ಆದ್ದರಿಂದ ನನ್ನ ಸೂಚನೆ ಇಷ್ಟು. 2028ರಲ್ಲಿ ವಿಧಾನಸಭೆ ಚುನಾವಣೆ ಬರಬೇಕು. ಆಟ ಹೂಡೋಣ, ಮಂದಿ ಕೂಡಬೇಕಾದರೆ ಆಟ ಬೇಕು. ಆದರೆ ಪ್ರತಿ ಹಳ್ಳಿಯಲ್ಲಿ ಒಂದು ಇನ್ನೂರು ಪುಟದ ನೋಟುಬುಕ್ಕು ಇಡೋಣ. ಅಕ್ಷರ ಚೊಲೊ ಇರುವ ಒಬ್ಬ ಹುಡುಗ ಅಥವಾ ಹುಡುಗಿ ಅದರಲ್ಲಿ ಬರೆಯಲಿ. ಬಂದ ಎಲ್ಲ ಪಕ್ಷದವರಿಗೂ ಅವೇ ನಾಲ್ಕು ಪ್ರಶ್ನೆ:

ಒಂದು, ನೀವು ಹೇಳಿದ ಕೆಲಸಕ್ಕೆ ವರ್ಷಕ್ಕೆ ಎಷ್ಟು ಬೇಕು?

ಎರಡು, ಅದು ಹೊಸ ತೆರಿಗೆಯಿಂದಲೋ, ಹೊಸ ಸಾಲದಿಂದಲೋ, ಇನ್ನೊಂದು ಕೆಲಸ ನಿಲ್ಲಿಸಿಯೋ?

ಮೂರು, ಅದಕ್ಕೆ ಯಾರ ಯಾರ ಪರವಾನಿಗಿ ಬೇಕು, ಎಷ್ಟು ಬಂದಿವೆ?

ನಾಲ್ಕು, ಹೆಸರಿಗೆ 2025-26ರಲ್ಲಿ ಕೇಂದ್ರ ಹೇಳಿದ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ. ನಾವು ಮಾರಿಬಿಟ್ಟ ಮೇಲೆ ಖರೀದಿ ಕೇಂದ್ರ ತೆರೆದರೆ ಆ ಬೆಲೆ ಯಾರಿಗೆ? ಸುಗ್ಗಿಗೆ ಮುಂಚೆ ತೆರೆಯಲು ಆವರ್ತ ನಿಧಿಯಲ್ಲಿ ಎಷ್ಟು ಇಡುತ್ತೀರಿ?

ಉತ್ತರದ ಕೆಳಗೆ ತಾರೀಖು ಹಾಕಿ ಸಹಿ ತಗೊಳ್ರಿ. ಗೊತ್ತಿಲ್ಲ ಎಂದರೆ ಗೊತ್ತಿಲ್ಲ ಎಂದೇ ಬರೀರಿ, ಅದಕ್ಕೆ ಸಿಟ್ಟಾಗಬ್ಯಾಡ್ರಿ. ಸಹಿ ಮಾಡದವರ ಹೆಸರಿನ ಮುಂದೆ ಖಾಲಿ ಬಿಡ್ರಿ. ಆಮೇಲೆ ಪ್ರತಿ ವರ್ಷ ಬಜೆಟ್ ಆದ ಮೇಲಿನ ಗ್ರಾಮಸಭೆಯಲ್ಲಿ ಆ ಪುಟ ಓದ್ರಿ. ಬಜೆಟ್ ಪುಸ್ತಕದಲ್ಲಿ ಹೋದ ಹಿಂದಿನ ವರ್ಷ ಖರೇನ ಖರ್ಚಾದದ್ದು ಒಂದು ಕಾಲಮ್ಮು, ನಡೆದ ವರ್ಷದ ಪರಿಷ್ಕೃತ ಅಂದಾಜು ಇನ್ನೊಂದು, ಬರುವ ವರ್ಷದ ಅಂದಾಜು ಮತ್ತೊಂದು ಇರುತ್ತದೆ. ಮೊದಲನೆಯ ಕಾಲಮ್ಮನ್ನು ನಮ್ಮ ನೋಟುಬುಕ್ಕಿನ ಪಕ್ಕಕ್ಕಿಟ್ಟು ನೋಡಿದರೆ ಸಾಕು, ಯಾರು ಹೂ ಇಟ್ಟರು ಎಂಬುದು ಕಾಣುತ್ತದೆ.

ಪ್ರತಿ ವರ್ಷ ಜುಲೈ 21ರಂದು ಎಲ್ಲ ಪಕ್ಷದ ನಾಯಕರು ನರಗುಂದ, ನವಲಗುಂದಕ್ಕೆ ಬಂದು ಹುತಾತ್ಮ ರೈತರಿಗೆ ಹಾರ ಹಾಕುತ್ತಾರೆ. 1980ರ ಆ ದಿನ ನನಗೆ ಹತ್ತು ವರ್ಷ. ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಿದ್ದರೆಂದು ಅಪ್ಪ ರಾತ್ರಿ ಉಣ್ಣದೆ ಕೂತದ್ದು ನೆನಪಿದೆ. ಅವತ್ತು ರೈತರು ಕೇಳಿದ್ದೇನು? ಮಲಪ್ರಭೆಯ ನೀರು ಹೊಲಕ್ಕೆ ಮುಟ್ಟಿಲ್ಲ, ಅಭಿವೃದ್ಧಿ ಕರ ಯಾತಕ್ಕೆ ಎಂದು ಕೇಳಿದರು. ಅದೂ ಒಂದು ಲೆಕ್ಕವೇ. ಹಾರ ಹಾಕಲು ಬಂದವರ ಕೈಗೆ ಈ ಸಲ ನೋಟುಬುಕ್ಕು ಕೊಡೋಣ.

ಕಾಕಾ ಈಗಲೂ ಕಟ್ಟೆಗೆ ಬರುತ್ತಾರೆ. ನಮ್ಮೂರಿನ ನೋಟುಬುಕ್ಕಿನ ಮೊದಲ ಪುಟದಲ್ಲಿ 3 ಲಕ್ಷ 20 ಸಾವಿರ ಎಂದು ಬರೆದು ಅದರ ಕೆಳಗೆ ನಾನೇ ಸಹಿ ಮಾಡಿದ್ದೇನೆ. ಎರಡನೇ ಪುಟ ಓಟು ಕೇಳಲು ಬರುವವರಿಗೆ ಖಾಲಿ ಇದೆ.