ಭಾವಚಿತ್ರಕ್ಕೂ ಒಂದು ಪುಷ್ಪಿಕೆ

ಹಳೆಯ ಮನೆಗಳ ಟ್ರಂಕುಗಳಲ್ಲಿ ಉಳಿದುಬಂದ ಕಪ್ಪು-ಬಿಳುಪು ಭಾವಚಿತ್ರಗಳು ಈಗ ಮೊಬೈಲುಗಳಿಗೆ ಬಂದಿವೆ. ನಗರದಲ್ಲಿರುವ ಮೊಮ್ಮಕ್ಕಳು ಅವನ್ನು ಸ್ಕ್ಯಾನ್ ಮಾಡಿ ಊರಿನ ಅಜ್ಜಿಗೆ ವಾಟ್ಸ್‌ಆ್ಯಪ್ ಮೂಲಕ ಕಳುಹಿಸುತ್ತಾರೆ. ಅಜ್ಜಿ ನೋಡಿ ಸಂತೋಷಪಡುತ್ತಾರೆ. ವಿಷಯ ಅಲ್ಲಿಗೇ ಮುಗಿಯುತ್ತದೆ. ಹಾಗೆ ಮುಗಿಯುವುದರಲ್ಲಿ ದೊಡ್ಡದೊಂದು ನಷ್ಟವಿದೆ.

ಹಸ್ತಪ್ರತಿಗಳೊಡನೆ ಕೆಲಸ ಮಾಡಿದವರಿಗೆ ಪುಷ್ಪಿಕೆಯ ಬೆಲೆ ತಿಳಿದಿದೆ. ಪ್ರತಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಸಂವತ್ಸರ, ತಿಥಿ, ಊರುಗಳನ್ನು ಬರೆದಿದ್ದರೆ ಅದರ ಕಾಲನಿರ್ಣಯ ಸುಲಭ. ಆ ಗರಿ ಕಳೆದುಹೋದರೆ ಊಹೆಯೇ ಗತಿ. ಭಾವಚಿತ್ರದ ಪುಷ್ಪಿಕೆಯಲ್ಲಿ ಸ್ವಲ್ಪ ಭಾಗ ಅದರ ಬೆನ್ನ ಮೇಲಿರುತ್ತದೆ: ಸ್ಟುಡಿಯೋದ ಮೊಹರು, ಪೆನ್ಸಿಲಿನಲ್ಲಿ ಬರೆದ ತಾರೀಖು. ಉಳಿದುದೆಲ್ಲ ಹಿರಿಯರ ನೆನಪಿನಲ್ಲಿದೆ. ಸ್ಕ್ಯಾನ್ ಮಾಡುವವರು ಬಹುಮಟ್ಟಿಗೆ ಮುಂಬದಿಯನ್ನಷ್ಟೇ ಉಳಿಸುತ್ತಾರೆ. ಕಡತದಲ್ಲಿ ದಾಖಲಾಗುವ ದಿನಾಂಕವೂ ಸ್ಕ್ಯಾನ್ ಮಾಡಿದ ದಿನದ್ದೇ ಹೊರತು ಮದುವೆಯ ದಿನದ್ದಲ್ಲ.

ಹಿರಿಯರು ಚಿತ್ರವನ್ನು ಓದುವ ಕ್ರಮವೇ ಬೇರೆ. ಮೊಮ್ಮಗ ಮುಖಗಳನ್ನು ಗುರುತಿಸಲು ಹೆಣಗುವಾಗ ಅಜ್ಜಿ ಸೀರೆಯ ಅಂಚನ್ನು ತೋರಿಸಿ, ಅದು ಅಕ್ಕನಿಂದ ಎರವಲು ತಂದದ್ದೆಂದೂ ತಾತನ ಕೈಗಡಿಯಾರ ಸ್ಟುಡಿಯೋದವನದೆಂದೂ ಹೇಳಬಹುದು. ಸಿರಿತನದ ಸಾಕ್ಷ್ಯವೆಂದು ಸಂಶೋಧಕನು ಭಾವಿಸಿದ್ದು ಆ ಒಂದು ಮಾತಿನಿಂದ ಆಸೆಯ ಸಾಕ್ಷ್ಯವಾಗುತ್ತದೆ. ಸಾಮಾಜಿಕ ಚರಿತ್ರೆಗೆ ಇದು ಸಣ್ಣ ವ್ಯತ್ಯಾಸವಲ್ಲ.

ವೃದ್ಧರ ನೆನಪು ತಪ್ಪಬಹುದೆಂಬ ಆಕ್ಷೇಪ ಸಹಜವಾದುದು. ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಪಾಠಾಂತರಗಳಂತೆ, ಹೇಳಿದವರ ಹೆಸರಿನೊಡನೆ ದಾಖಲಿಸಬೇಕು. ತಪ್ಪಿದ ನೆನಪನ್ನು ಮುಂದೆ ತಿದ್ದಬಹುದು. ದಾಖಲಾಗದ ನೆನಪಿಗೆ ಆ ಅವಕಾಶವೂ ಇಲ್ಲ.

ಎಲ್ಲ ಚಿತ್ರಗಳನ್ನೂ ಹಾಗೆಯೇ ಕಳುಹಿಸುವುದೂ ಉಚಿತವಲ್ಲ. ಬದುಕಿದ್ದಾಗ ಒಂದೂ ಫೋಟೋ ಇಲ್ಲದವರನ್ನು ಸತ್ತ ಮೇಲೆ ಕುರ್ಚಿಯಲ್ಲಿ ಕುಳ್ಳಿರಿಸಿ ತೆಗೆಸಿದ ಚಿತ್ರಗಳುಂಟು. ಅಂಥದೊಂದು ಮುನ್ಸೂಚನೆಯಿಲ್ಲದೆ ವೃದ್ಧ ತಾಯಿಯ ಅಂಗೈಯಲ್ಲಿ ತೆರೆದುಕೊಳ್ಳುವುದು ಕ್ರೂರ. ಅದನ್ನು ಪಕ್ಕದಲ್ಲಿ ಕುಳಿತು ತೋರಿಸಬೇಕು. ಕುಟುಂಬದ ಗುಂಪಿಗೆ ಹಾಕುವ ಮೊದಲು ಅವರ ಒಪ್ಪಿಗೆ ಪಡೆಯಬೇಕು.

ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಚಿತ್ರದ ಎರಡೂ ಬದಿಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡುವುದು. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುವುದರಿಂದ ಮೂಲ ಕಡತವನ್ನು ಪ್ರತ್ಯೇಕವಾಗಿ ಕಾದಿರಿಸುವುದು. ಒಂದು ಸಲಕ್ಕೆ ಒಂದೇ ಚಿತ್ರ ತೋರಿಸಿ ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಳ್ಳುವುದು. ಹೆಸರು, ಸಂಬಂಧ, ಊರು, ಸಂದರ್ಭಗಳನ್ನು ಬರೆದಿಡುವುದು. ಕನ್ನಡ ವಿಭಾಗಗಳು ವಿದ್ಯಾರ್ಥಿಗಳಿಗೆ ಇದನ್ನೇ ಕಿರುಯೋಜನೆಯಾಗಿ ಕೊಡಬಹುದು. ಟ್ರಂಕಿನಲ್ಲಿರುವ ಕಾಗದ ಇನ್ನೂ ಕೆಲವು ದಶಕ ಬಾಳೀತು. ಅದನ್ನು ಓದಬಲ್ಲ ಅಜ್ಜಿಗೆ ಅಷ್ಟು ಕಾಲವಿಲ್ಲ.