ನೆರೆಯ ತಾಂಡಾದ ಬಾಳುವೆ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಪ್ರತಿವರ್ಷ ಫೆಬ್ರವರಿ ನಡುವಿನಲ್ಲಿ ಸಂತ ಸೇವಾಲಾಲರ ಜಯಂತ್ಯುತ್ಸವ ಜರುಗುತ್ತದೆ. 1739ರಲ್ಲಿ ಜನಿಸಿದರೆನ್ನಲಾದ ಆ ಮಹಾಪುರುಷರ ಜನ್ಮಸ್ಥಳ ಇದೇ ಎಂದು ನಂಬುವ ಭಕ್ತರು ಈ ಕ್ಷೇತ್ರವನ್ನು ಭಾಯಾಗಡ ಎಂದು ಕರೆಯುತ್ತಾರೆ. ಮಾಲೆ ಧರಿಸಿ ದೂರದ ತಾಂಡಾಗಳಿಂದ ಕಾಲ್ನಡಿಗೆಯಲ್ಲಿ ಬರುತ್ತಾರೆ. ಹೊನ್ನಾಳಿ, ಚನ್ನಗಿರಿ, ಜಗಳೂರು ಸೀಮೆಯ ನಮ್ಮ ಮನೆತನಗಳವರು ಆ ಜನಸಾಗರವನ್ನು ದಾರಿಯಂಚಿನಲ್ಲಿ ನಿಂತು ನೋಡಿರುವುದೇ ಹೆಚ್ಚು. ನೆರೆಯವರನ್ನು ಕುರಿತು ನಾವು ಬಲ್ಲುದು ಎಷ್ಟು ಅಲ್ಪವೆಂಬ ಸಂಕೋಚದಿಂದಲೇ ಈ ಸಲದ ಬರೆಹಕ್ಕೆ ತೊಡಗಿದ್ದೇವೆ.

ಲಂಬಾಣಿ, ಲಮಾಣಿ, ಬಂಜಾರ ಎಂದೆಲ್ಲ ಕರೆಸಿಕೊಳ್ಳುವ ಈ ಜನ ತಮ್ಮನ್ನು ತಾವು ಗೋರ್ ಎಂದುಕೊಳ್ಳುತ್ತಾರೆ. ಲವಣ ಶಬ್ದದಿಂದಲೇ ಲಂಬಾಣಿ ಎಂಬ ಹೆಸರು ಹುಟ್ಟಿತೆನ್ನುವ ವಿದ್ವಾಂಸರುಂಟು. ಉಪ್ಪನ್ನೂ ದವಸವನ್ನೂ ಸಾವಿರಾರು ಎತ್ತುಗಳ ಬೆನ್ನಿಗೆ ಹೇರಿ ಇವರು ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದರು. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣದತ್ತ ನಡೆದಾಗ ಅದಕ್ಕೆ ಧಾನ್ಯ ಒದಗಿಸಿದವರಲ್ಲಿ ಬಂಜಾರರೂ ಇದ್ದರು. ನಮ್ಮ ಪೂರ್ವಿಕರ ಅಡುಗೆಮನೆಯ ಉಪ್ಪೂ ಇಂಥ ಹೇರೆತ್ತುಗಳ ಮೇಲೆಯೇ ಬಂದಿರಬೇಕು.

ರೈಲು ಬಂದಿತು, ಹೇರೆತ್ತುಗಳ ಕಾಲ ಮುಗಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಅಲೆಮಾರಿಗಳ ಮೇಲೆ ಹುಟ್ಟಿನಿಂದಲೇ ಕಳಂಕ ಹೊರಿಸಿತು. ಹಲವೆಡೆ ಬಂಜಾರರೂ ಆ ಪಟ್ಟಿಗೆ ಸೇರಿದರು. 1952ರಲ್ಲಿ ಕಾಯಿದೆ ರದ್ದಾಯಿತು, ಜನರ ಮನಸ್ಸಿನಿಂದ ಹೋಗಲಿಲ್ಲ. ನಾವು ಬಾಲಕರಾಗಿದ್ದಾಗ ಒಕ್ಕಣೆ ಮುಗಿಸಿ ತಾಂಡಾದ ಹೆಣ್ಣುಮಕ್ಕಳು ಹೊರಟ ಕೂಡಲೇ ನಮ್ಮ ಅಜ್ಜಿಯವರು ಹಿತ್ತಾಳೆ ಚೊಂಬುಗಳನ್ನು ಎಣಿಸುತ್ತಿದ್ದರು. ಒಂದು ವರ್ಷವೂ ಒಂದೂ ಕಡಿಮೆಯಾದದ್ದಿಲ್ಲ. ಒಂದು ವರ್ಷವೂ ಎಣಿಕೆ ತಪ್ಪಿದ್ದಿಲ್ಲ. ಇಷ್ಟಲಿಂಗಪೂಜೆಯಾಗದೆ ಹನಿ ನೀರನ್ನೂ ಮುಟ್ಟದ ಸಾಧ್ವಿ ಅವರು. ಆ ಎಣಿಕೆಯ ಸದ್ದು ಅಂಗಳ ದಾಟುವ ಹೆಣ್ಣುಮಕ್ಕಳ ಕಿವಿಗೂ ಬೀಳುತ್ತಿತ್ತೆಂದು ನಮಗೆ ಹೊಳೆದದ್ದು ಬಹಳ ತಡವಾಗಿ.

ತಾಂಡಾ ತಾನೇ ಒಂದು ಪುಟ್ಟ ರಾಜ್ಯ. ನಾಯ್ಕ ಅದರ ಯಜಮಾನ. ಕಾರಭಾರಿ, ಡಾವ್ ಎಂಬ ಹಿರಿಯರು ಅವನಿಗೆ ನೆರವು. ಜಗಳಗಳು ಬಹುಮಟ್ಟಿಗೆ ಅವರ ಮುಂದೆಯೇ ತೀರುತ್ತಿದ್ದವು. ಶ್ರಾವಣದ ತೀಜ್ ಹಬ್ಬದಲ್ಲಿ ಮದುವೆಯಾಗದ ಕನ್ಯೆಯರು ಬುಟ್ಟಿಗಳಲ್ಲಿ ಮಣ್ಣು ಗೊಬ್ಬರ ತುಂಬಿ ಗೋಧಿ ಬಿತ್ತಿ, ದಿನವೂ ನೀರೆರೆದು ಹಾಡುತ್ತ ಮೊಳಕೆ ಬೆಳೆಸುತ್ತಾರೆ. ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಅವರೇ ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡಿ ಹರಸುತ್ತಾರೆ. ತವರು ಬಿಡುವ ಮದುಮಗಳ ಅಳುವೂ ಅಲ್ಲಿ ಹಾಡೇ. ಅದನ್ನು ಢಾವಲೋ ಎನ್ನುವರು. ಕನ್ನಡಿಚೂರು ಕೂರಿಸಿದ ಕಾಂಚಳಿ, ಫೇಟಿಯಾಗಳ ಸೊಬಗನ್ನು ಎಲ್ಲರೂ ಬಲ್ಲರು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಬಟ್ಟೆಯನ್ನು ಮೆಚ್ಚುವುದು ಸುಲಭ. ಉಟ್ಟವಳನ್ನು ಮಣೆ ಹಾಕಿ ಕೂರಿಸುವುದು ಬೇರೆ ಮಾತು.

ಹಲವು ತಾಂಡಾಗಳಿಗೆ ಬಹುಕಾಲ ತಮ್ಮ ನೆಲದ ಕಾಗದವೇ ಇರಲಿಲ್ಲ. ಅವುಗಳನ್ನು ಕಂದಾಯ ಗ್ರಾಮಗಳಾಗಿಸುವ ಕೆಲಸ ನಡೆದು, 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ನೀಡಲಾಯಿತು. ಆದರೂ ಮಳೆ ಕೈಕೊಟ್ಟರೆ ಕಬ್ಬು ಕಡಿಯಲು, ಕಾಫಿ ತೋಟಗಳಿಗೆ ಗುಳೆ ಹೋಗುವುದು ನಿಂತಿಲ್ಲ. ಹಾಡಬೇಕಾದ ಹೆಣ್ಣುಮಕ್ಕಳೇ ಊರಲ್ಲಿಲ್ಲದ ಮೇಲೆ ಹಾಡು ಯಾರ ಬಾಯಲ್ಲಿ ಉಳಿದೀತು? ಗೋರ್‌ಬೋಲಿಗೆ ಸ್ವಂತ ಲಿಪಿಯೂ ಇಲ್ಲ.

ಕಳೆದ ದೀಪಾವಳಿಯ ಮುನ್ನ ಚನ್ನಗಿರಿಯ ಕಡೆ ಬಂಧುಗಳ ಮನೆಗೆ ಹೋಗಿದ್ದೆವು. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ವೃದ್ಧೆಯೊಬ್ಬರನ್ನು, “ಮೇರಾ ಹಾಡಿನ ಅರ್ಥವೇನು ತಾಯಿ?” ಎಂದು ಕೇಳಿದೆವು. ಕಾಲೇಜಿಗೆ ಹೋಗುವ ಮೊಮ್ಮಗಳು ಕನ್ನಡದಲ್ಲಿ ಹೇಳಲು ಮುಂದಾಗಿ, ಎರಡನೆಯ ಸಾಲಿಗೇ ತಡವರಿಸಿ ಅಜ್ಜಿಯ ಮುಖ ನೋಡಿದಳು.

“ಅದನ್ನ ಮಾತಲ್ಲಿ ಹೇಳಾಕಾಗಲ್ಲ ಅಯ್ನೋರೆ, ಹಾಡಬೇಕು” ಎಂದು ನಕ್ಕ ಆಕೆ ಸುಲಿಯುವ ಕತ್ತಿಯನ್ನು ಪಕ್ಕಕ್ಕಿಟ್ಟರು. ಮನೆಯ ಸೊಸೆ ಒಳಗಿನಿಂದ ಬಂದು ಹೊಸ್ತಿಲ ಬಳಿ ಕುಳಿತಳು. ಮೊಮ್ಮಗಳು ಅಜ್ಜಿಯ ತುಟಿಗಳನ್ನೇ ನೋಡುತ್ತ, ಒಂದೊಂದೇ ಪದವನ್ನು ಹಿಂದಿನಿಂದ ಹೇಳತೊಡಗಿದಳು.